ನಿಧಾನವಾಗಿ ಓಡುವ ವಿದ್ಯೆ

ತಾಳವಾಡಿ ಬೆಟ್ಟಸೀಮೆಯ ಹಳ್ಳಿಗಳಲ್ಲಿ ಪ್ರಾಯ ಕಳೆದ ಗೃಹಸ್ಥನೊಬ್ಬ ರಸ್ತೆಯಲ್ಲಿ ಓಡುತ್ತಿರುವುದನ್ನು ಕಂಡರೆ ಜನ ಕೇಳುವ ಪ್ರಶ್ನೆಗಳು ಎರಡೇ. ಒಂದು, “ಯಾಕಣ್ಣ, ಆನ ಬಂದದಾ?” ಎಂಬುದು, ಮತ್ತೊಂದು, “ಬಸ್ಸು ಹೊಂಟೋಯ್ತಾ?” ಎಂಬುದು. ಈ ಎರಡು ಕಾರಣಗಳನ್ನು ಬಿಟ್ಟರೆ ಮನುಷ್ಯನಿಗೆ ಓಡುವ ಅಗತ್ಯ ಬೇರೆ ಯಾವುದಿದ್ದೀತು ಎಂದು ನಮ್ಮವರು ತಿಳಿದಿರುವುದು ಸಹಜವೇ ಆಗಿದೆ. ಹೊಲದಲ್ಲಿ ದಿನವಿಡೀ ದುಡಿದು ಬಂದವನಿಗೆ ಸುಮ್ಮಸುಮ್ಮನೆ ಓಡುವುದೆಂದರೆ ಉಂಡದ್ದು ಹೆಚ್ಚಾದವರ ಆಟವಾಗಿ ತೋರುತ್ತದೆ. ಆದರೂ ಕಳೆದ ನಾಲ್ಕು ವರ್ಷಗಳಿಂದ ನಾವು ಎಂಟು ಮಂದಿ ಆ ಎರಡು ಕಾರಣಗಳೂ ಇಲ್ಲದೆ ಓಡುತ್ತ ಬಂದಿದ್ದೇವೆ. ಹೇಗೆ ಓಡಿದರೆ ದೇಹ ಬಲಗೊಳ್ಳುತ್ತದೆ, ಹೇಗೆ ಓಡಿದರೆ ಕುಗ್ಗುತ್ತದೆ ಎಂಬುದನ್ನು ಅಷ್ಟಿಷ್ಟು ಅರಿತಿದ್ದೇವೆ. ಗಡಿಯಾಚೆಯ ಕನ್ನಡ ಕುಟುಂಬಗಳಿಗೆ ಅದು ಪ್ರಯೋಜನಕ್ಕೆ ಬಂದೀತೆಂಬ ಆಸೆಯಿಂದ ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮಲ್ಲಿ ಯಾರೂ ಕ್ರೀಡಾಪಟುಗಳಲ್ಲ. ನಾಲ್ವರು ರಾಗಿ, ಮುಸುಕಿನ ಜೋಳ, ಅರಿಸಿನ, ಆಲೂಗೆಡ್ಡೆ ಬೆಳೆಯುವ ಬೇಸಾಯಗಾರರು, ಇಬ್ಬರು ಉಪಾಧ್ಯಾಯರು, ಒಬ್ಬರು ದಿನಸಿ ಅಂಗಡಿಯವರು, ಒಬ್ಬರು ಅಂಗನವಾಡಿಯಲ್ಲಿ ದುಡಿಯುವ ಅಕ್ಕ. ಎಲ್ಲರಿಗಿಂತ ಹಿರಿಯರಿಗೆ 61 ವರ್ಷ, ಕಿರಿಯರಿಗೆ 38. ಪದಕವಾಗಲಿ ಬಹುಮಾನದ ಬಟ್ಟಲಾಗಲಿ ಯಾರ ಮನೆಯ ಗೂಡಿನಲ್ಲಿಯೂ ಇಲ್ಲ. ಮೊದಲ ದಿನ ಶಾಲೆಯ ಬಯಲನ್ನು ಒಂದು ಸುತ್ತು ಬರುವಷ್ಟರಲ್ಲಿ ಏದುಸಿರು ಬಿಟ್ಟು ಕುಳಿತವರು ಈಗ ಭಾನುವಾರದ ಬೆಳಿಗ್ಗೆ ಹತ್ತು ಹನ್ನೆರಡು ಕಿಲೋಮೀಟರು ಓಡಿ, ಮನೆಗೆ ಬಂದು, ದನಗಳಿಗೆ ಹುಲ್ಲು ಹಾಕುತ್ತಾರೆ. ಇಷ್ಟೇ ನಮ್ಮ ಸಾಧನೆ.

ನಮ್ಮನ್ನು ಈ ದಾರಿಗೆ ತಂದದ್ದು ಭಯವೇ ಎಂದು ಹೇಳಬೇಕು. ನಮ್ಮ ತಂದೆತಾಯಂದಿರು ಸಂತೆಗೆ ನಡೆದರು, ಜಾತ್ರೆಗೆ ನಡೆದರು, ಮದುವೆಯ ದಿಬ್ಬಣದ ಹಿಂದೆ ನಡೆದರು. ನಮ್ಮ ಕಾಲಕ್ಕೆ ಬಸ್ಸು ಬಂತು. ಮಕ್ಕಳ ಕಾಲಕ್ಕೆ ಮನೆಗೊಂದು ಮೋಟಾರು ಸೈಕಲ್ಲು ಬಂತು. ಊರ ಹೊರಗಿನ ಕೊಟ್ಟಿಗೆಗೂ ಈಗ ಗಾಡಿಯ ಮೇಲೆಯೇ ಹೋಗುತ್ತೇವೆ. ಉಳುವುದು ಟ್ರಾಕ್ಟರು, ನೀರೆತ್ತುವುದು ಪಂಪು. ನಡಿಗೆ ಹೋಯಿತಾದರೂ ಮುದ್ದೆಯ ಗಾತ್ರ ಕಡಿಮೆಯಾಗಲಿಲ್ಲ. ಅದರ ಜೊತೆಗೆ ಅನ್ನವೂ ಬೇಕರಿಯ ತಿಂಡಿಯೂ ಸೇರಿಕೊಂಡವು. ಪಟ್ಟಣದವರ ರೋಗಗಳೆಂದು ನಾವು ತಿಳಿದಿದ್ದ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಮೆಲ್ಲನೆ ಘಾಟಿ ಹತ್ತಿ ಬಂದವು. ನಮ್ಮಲ್ಲೊಬ್ಬರ ಅಣ್ಣ 52ನೆಯ ವಯಸ್ಸಿನಲ್ಲಿ ಒಂದು ರಾತ್ರಿ ಎದೆನೋವೆಂದು ಕುಳಿತವರು ಚಾಮರಾಜನಗರ ಮುಟ್ಟುವ ಮುನ್ನವೇ ತೀರಿಕೊಂಡರು. ದೊಡ್ಡ ಆಸ್ಪತ್ರೆ ಬೇಕೆಂದರೆ ನಾವು ಅತ್ತ ಚಾಮರಾಜನಗರಕ್ಕೆ ಹೋಗಬೇಕು, ಇಲ್ಲವೇ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋಗಬೇಕು. ಇಂಥ ಎಡೆಯಲ್ಲಿ ಬಾಳುವವರು ಆಸ್ಪತ್ರೆಯ ಅವಶ್ಯಕತೆ ಆದಷ್ಟು ತಡವಾಗಿ ಬರುವಂತೆ ನೋಡಿಕೊಳ್ಳುವುದೇ ಲೇಸೆಂದು ಅಂದು ನಮಗೆ ತೋರಿತು.

ಕುಳಿತ ಬದುಕು ಹೃದಯಕ್ಕೆ ಕೇಡು ಎಂಬುದು ಹೊಸ ಮಾತೇನೂ ಅಲ್ಲ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ದುಡಿಯುವ ನೌಕರರನ್ನು ಕುರಿತು ಜೆರ್ರಿ ಮಾರಿಸ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ 1953ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಬೀದಿ. ಆದರೆ ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿದು ಟಿಕೇಟು ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ಅವರು ಕಂಡರು. ದೇಹದ ಚಲನೆಗೂ ಹೃದಯದ ಆರೋಗ್ಯಕ್ಕೂ ಇರುವ ನಂಟನ್ನು ಜಗತ್ತು ಗಂಭೀರವಾಗಿ ಪರಿಗಣಿಸತೊಡಗಿದ್ದು ಇಂಥ ಅಧ್ಯಯನಗಳಿಂದಲೇ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮವನ್ನೋ, 75ರಿಂದ 150 ನಿಮಿಷ ಬಿರುಸಿನ ವ್ಯಾಯಾಮವನ್ನೋ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ನಾವು ಮಾಡುವ ಓಟವೂ ಲೆಕ್ಕ ಹಾಕಿದರೆ ಇದರ ಆಸುಪಾಸಿನದ್ದೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಓಟವೆಂದರೆ ವೇಗ ಎಂಬುದು ಎಲ್ಲರ ಮನಸ್ಸಿನಲ್ಲಿಯೂ ಬೇರೂರಿರುವ ಕಲ್ಪನೆ. ಶಾಲೆಯಲ್ಲಿ ನೂರು ಮೀಟರಿನ ಓಟ ಓಡಿದ ನೆನಪಷ್ಟೇ ಉಳಿದಿರುವ ಮನುಷ್ಯ ಇಪ್ಪತ್ತು ವರ್ಷಗಳ ಬಳಿಕ ಓಡಲು ಹೊರಟರೆ ಅದೇ ರಭಸದಿಂದ ಹೊರಡುತ್ತಾನೆ. ಮುನ್ನೂರು ಹೆಜ್ಜೆಯೊಳಗೆ ಎದೆ ಉರಿಯುತ್ತದೆ, ಪಕ್ಕೆ ಹಿಡಿದುಕೊಳ್ಳುತ್ತದೆ. ನನಗೆ ಇದು ಒಗ್ಗದೆಂದು ತೀರ್ಮಾನಿಸಿ ಮರಳಿಬಿಡುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ದೂರದ ಓಟದ ಮೊದಲ ಪಾಠ, ಮತ್ತು ಕೊನೆಯವರೆಗೂ ಮರೆಯಬಾರದ ಪಾಠ, ನಿಧಾನವಾಗಿ ಓಡುವುದು. ಎಷ್ಟು ನಿಧಾನ? ಪಕ್ಕದಲ್ಲಿ ಓಡುತ್ತಿರುವವರ ಜೊತೆಗೆ ತಡೆಯಿಲ್ಲದೆ ಮಾತನಾಡಬಲ್ಲಷ್ಟು. ಒಂದು ವಾಕ್ಯವನ್ನು ಉಸಿರು ಕಡಿಯದೆ ಮುಗಿಸಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಆಗ ಸಂಕೋಚಪಡದೆ ನಡೆಯಬೇಕು.

ಈ ನಿಧಾನದ ಹಿಂದೆ ದೊಡ್ಡ ಅನುಭವವೊಂದಿದೆ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯರ್ಡ್ ಎಂಬವರಿದ್ದರು. ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರು ವರ್ಷಗಟ್ಟಲೆ ತಮ್ಮ ದೇಹದ ಮೇಲೆಯೇ ಪ್ರಯೋಗ ನಡೆಸಿ, ವೇಗವನ್ನು ಬೆಳೆಸುವ ಮೊದಲು ತಿಂಗಳುಗಟ್ಟಲೆ ಸಮಾಧಾನದ ದೀರ್ಘ ಓಟಗಳಿಂದ ಬುನಾದಿ ಹಾಕಬೇಕೆಂಬ ನಿರ್ಣಯಕ್ಕೆ ಬಂದರು. ಅವರ ಕೈಯಲ್ಲಿ ತರಬೇತಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್‌ಬರ್ಗ್ 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ, ಒಬ್ಬರು 800 ಮೀಟರಿನಲ್ಲಿಯೂ ಮತ್ತೊಬ್ಬರು 5000 ಮೀಟರಿನಲ್ಲಿಯೂ ಚಿನ್ನದ ಪದಕ ಗೆದ್ದರು. ಕೇವಲ 800 ಮೀಟರು ಓಡುವವನಿಗೂ ಲಿಡಿಯರ್ಡ್ ಕೊಡಿಸಿದ ಅಭ್ಯಾಸ ಮೈಲಿಗಟ್ಟಲೆಯ ನಿಧಾನದ ಓಟವಾಗಿತ್ತು. ನಮ್ಮಂಥವರಿಗೆ ಅದಕ್ಕಿಂತಲೂ ಹತ್ತಿರದ ಸಂಗತಿ ಇನ್ನೊಂದಿದೆ. ಅರುವತ್ತರ ದಶಕದ ಆರಂಭದಲ್ಲಿ ಆಕ್ಲೆಂಡಿನ ನಡುವಯಸ್ಸಿನ ಸಾಮಾನ್ಯ ಗೃಹಸ್ಥರಿಗೂ ಅವರು ಇದೇ ಬಗೆಯ ಮೆಲುನಡೆಯ ಓಟವನ್ನು ಕಲಿಸಿದರು. 1962ರ ಕೊನೆಯಲ್ಲಿ ಅಲ್ಲಿಗೆ ಹೋಗಿದ್ದ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ ಅದನ್ನು ಕಂಡು, ಊರಿಗೆ ಮರಳಿ ಪ್ರಚಾರ ಮಾಡಿ, 1967ರಲ್ಲಿ ಪುಸ್ತಕವನ್ನೂ ಹೊರತಂದರು. ಇಂದು ಜಗತ್ತಿನ ಊರೂರುಗಳಲ್ಲಿ ಜಾಗಿಂಗ್ ಎಂದು ಜನ ಓಡುತ್ತಿರುವುದಕ್ಕೆ ಮೂಲಗಳಲ್ಲಿ ಇದೂ ಒಂದು.

ನಿಧಾನವಾಗಿ ಓಡಿದರೆ ದೇಹದೊಳಗೆ ಏನಾಗುತ್ತದೆಂದು ತಿಳಿದರೆ ತಾಳ್ಮೆ ತಾನಾಗಿ ಬರುತ್ತದೆ. ಹೃದಯವು ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತವನ್ನು ದೂಡಲು ಕಲಿಯುತ್ತದೆ. ಆದ್ದರಿಂದ ವಿಶ್ರಾಂತಿಯ ಹೊತ್ತಿನಲ್ಲಿ ನಾಡಿಬಡಿತ ಕಡಿಮೆಯಾಗುತ್ತದೆ. ಕಾಲಿನ ಸ್ನಾಯುಗಳ ಎಳೆಎಳೆಯ ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ಜೀವಕೋಶಗಳೊಳಗೆ ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುವ ಮೈಟೋಕಾಂಡ್ರಿಯಗಳು ವೃದ್ಧಿಯಾಗುತ್ತವೆ. ಇದನ್ನು ಜಾನ್ ಹಾಲೊಜಿ ಎಂಬ ವಿಜ್ಞಾನಿ 1967ರಲ್ಲಿ ಇಲಿಗಳನ್ನು ಓಡಿಸಿ ತೋರಿಸಿಕೊಟ್ಟರು. ಸ್ನಾಯು ಕೊಬ್ಬನ್ನು ಹೆಚ್ಚಾಗಿ ಉರಿಸಲು ಕಲಿಯುವುದರಿಂದ ಬೇಗ ದಣಿಯುವುದಿಲ್ಲ. ಸಕ್ಕರೆ ಕಾಯಿಲೆಯವರು ತಿಳಿಯಬೇಕಾದ ಒಂದು ಮಾತೂ ಇದೆ: ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಈ ಬದಲಾವಣೆಗಳಿಗೆಲ್ಲ ಬೇಕಾದುದು ವಾರವಾರವೂ ತಪ್ಪದ ಅಭ್ಯಾಸ. ಒಂದು ದಿನದ ಸಾಹಸದಿಂದ ಇವುಗಳಲ್ಲಿ ಯಾವುದೂ ಆಗುವುದಿಲ್ಲ.

ಮಾತನಾಡುತ್ತ ಓಡಬೇಕೆಂಬ ನಿಯಮದಿಂದ ನಾವು ಎಣಿಸದಿದ್ದ ಲಾಭವೊಂದು ಒದಗಿತು. ನಮ್ಮ ಜೊತೆಗೆ ಪ್ರೌಢಶಾಲೆಯ ಇಬ್ಬರು ಹುಡುಗರು ಬರುತ್ತಾರೆ. ಒಬ್ಬ ಓದುವುದು ತಮಿಳು ಮಾಧ್ಯಮದಲ್ಲಿ, ಮತ್ತೊಬ್ಬ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾರಾದರೂ ಅದು ಊಟ, ಹಾಲು, ದನ ಎಂಬಷ್ಟಕ್ಕೆ ಸೀಮಿತ. ನಲವತ್ತು ನಿಮಿಷ ಓಡುತ್ತ ಮಾತನಾಡಬೇಕಾದಾಗ ಅಷ್ಟು ಪದಗಳು ಸಾಲವು. ನಾವು ಹಳೆಯ ಕಥೆಗಳನ್ನು ತೆಗೆಯುತ್ತೇವೆ: ಗುಮಟಾಪುರದಲ್ಲಿ ದೀಪಾವಳಿಯ ಮರುದಿನಗಳಲ್ಲಿ ನಡೆಯುವ ಸಗಣಿಯ ಗೊರೆಹಬ್ಬದ ಬಗೆ, ದೊಡ್ಡಗಾಜನೂರಿನಿಂದ 2000ದ ಜುಲೈ 30ರ ರಾತ್ರಿ ರಾಜಕುಮಾರರನ್ನು ಕಾಡುಗಳ್ಳ ಕರೆದೊಯ್ದಾಗ 108 ದಿನ ಈ ಸೀಮೆ ಹೇಗೆ ಉಸಿರು ಬಿಗಿಹಿಡಿದು ಕಾದಿತ್ತೆಂಬುದು, ಅಜ್ಜಿ ಹೇಳುತ್ತಿದ್ದ ಒಗಟುಗಳು. ಹುಡುಗರು ಕಥೆಯನ್ನು ಮರುದಿನ ತಿರುಗಿ ಹೇಳಬೇಕೆಂದು ಗೊತ್ತು ಮಾಡಿದ್ದೇವೆ. ಹೇಳಲಾರದಷ್ಟು ಉಸಿರು ಹತ್ತಿದರೆ ವೇಗ ಹೆಚ್ಚಾಗಿದೆಯೆಂದೂ ಗೊತ್ತಾಗುತ್ತದೆ, ಪದ ತಿಳಿಯದೆ ನಿಂತರೆ ಅದೂ ಗೊತ್ತಾಗುತ್ತದೆ.

ಹೊಸಬರು ಹೇಗೆ ತೊಡಗಬೇಕು? ನಾವು ಅನುಸರಿಸಿದ ಕ್ರಮವಿದು. ಮೊದಲ ಎರಡು ವಾರ ಓಟವೇ ಇಲ್ಲ. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಬಿರುಸಾದ ನಡಿಗೆ ಮಾತ್ರ. ಮೂರನೆಯ ವಾರದಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಸಲ. ಆ ಬಳಿಕ ವಾರವಾರಕ್ಕೂ ಓಟದ ಪಾಲನ್ನು ತುಸು ಹೆಚ್ಚಿಸುತ್ತ, ನಡಿಗೆಯ ಪಾಲನ್ನು ತುಸು ತಗ್ಗಿಸುತ್ತ ಹೋಗಬೇಕು. ಹನ್ನೆರಡನೆಯ ವಾರದ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರು ಅರ್ಧ ಗಂಟೆ ನಿಲ್ಲದೆ ಓಡಿದರು. ಅಂಗಡಿಯವರಿಗೆ ಇಪ್ಪತ್ತು ವಾರ ಹಿಡಿಯಿತು. ಯಾವ ವಾರ ಕಷ್ಟವೆನಿಸುತ್ತದೆಯೋ ಆ ವಾರವನ್ನು ಮತ್ತೊಮ್ಮೆ ಮಾಡಬೇಕು. ತಡವಾಯಿತೆಂಬ ಲೆಕ್ಕ ಇಲ್ಲಿಲ್ಲ.

ಅರ್ಧ ಗಂಟೆಯ ಓಟ ಕೈವಶವಾದ ಮೇಲೆ ವಾರಕ್ಕೊಂದು ಕ್ರಮ ಬೇಕಾಗುತ್ತದೆ. ಮಂಗಳವಾರ ಮತ್ತು ಶನಿವಾರ ಅರ್ಧ ಗಂಟೆಯ ಮೆಲುಓಟ. ಗುರುವಾರ ತುಸು ಬಿರುಸಿನದು. ಭಾನುವಾರ ದೀರ್ಘ ಓಟ. ಈ ದೀರ್ಘ ಓಟವನ್ನು 40 ನಿಮಿಷದಿಂದ ಆರಂಭಿಸಿ, ಐದೈದು ನಿಮಿಷ ಕೂಡಿಸುತ್ತ, ಒಂದು ವರ್ಷದಲ್ಲಿ ಒಂದೂವರೆ ಗಂಟೆಗೆ ತಂದೆವು. ಪ್ರತಿ ನಾಲ್ಕನೆಯ ವಾರ ಎಲ್ಲವನ್ನೂ ಮೂರರಲ್ಲಿ ಒಂದು ಪಾಲು ಇಳಿಸುತ್ತೇವೆ. ಇದಕ್ಕೆ ಕಾರಣವಿದೆ. ಹೃದಯ ಮತ್ತು ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳು ಪಳಗಲು ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ದೂರವನ್ನು ಒಮ್ಮೆಲೇ ಏರಿಸಿದರೆ ಮೊಣಕಾಲಿನ ಕೆಳಗಿನ ಮುಂದೆಲುಬು, ಹಿಮ್ಮಡಿ, ಮಂಡಿಚಿಪ್ಪುಗಳು ತಕರಾರು ತೆಗೆಯುತ್ತವೆ. ಹೊಸ ಓಟಗಾರರು ಓಟ ಬಿಡುವುದು ಹೆಚ್ಚಾಗಿ ಈ ಘಟ್ಟದಲ್ಲಿಯೇ.

ಗುರುವಾರದ ಬಿರುಸಿನ ಓಟವನ್ನು ಆರು ತಿಂಗಳು ಕಳೆದ ಮೇಲಷ್ಟೇ ಕೈಗೊಂಡೆವು. ಹತ್ತು ನಿಮಿಷ ಮೆಲ್ಲನೆ ಓಡಿ ಮೈ ಬಿಸಿಯಾದ ಬಳಿಕ, ಒಂದು ನಿಮಿಷ ರಭಸದ ಓಟ, ಎರಡು ನಿಮಿಷ ನಡಿಗೆ. ಹೀಗೆ ಆರು ಸಲ. ಒಂದು ವಾರ ಬಯಲಿನಲ್ಲಿ, ಮರುವಾರ ಏರಿನಲ್ಲಿ. ಬೆಟ್ಟಸೀಮೆಯಲ್ಲಿ ಏರು ರಸ್ತೆಗೆ ಬರವಿಲ್ಲ. ಏರು ಹತ್ತುವಾಗ ವೇಗ ಕಡಿಮೆಯಿದ್ದರೂ ತೊಡೆ, ಮೀನಖಂಡಗಳಿಗೆ ಶ್ರಮ ಹೆಚ್ಚು. ಆದರೆ ಕಾಲು ನೆಲಕ್ಕೆ ಬಡಿಯುವ ಪೆಟ್ಟು ಕಡಿಮೆ. ಇಳಿಯುವಾಗ ಮಾತ್ರ ನಡೆದೇ ಇಳಿಯುತ್ತೇವೆ. ಮಂಡಿಗೂ ತೊಡೆಗೂ ಇಳಿಜಾರೇ ವೈರಿ. ಒಟ್ಟು ಓಟದಲ್ಲಿ ರಭಸದ ಪಾಲು ಐದರಲ್ಲಿ ಒಂದನ್ನು ಮೀರಬಾರದು. ನುರಿತ ದೂರದೋಟಗಾರರ ಅಭ್ಯಾಸವನ್ನು ಅಳೆದು ನೋಡಿದವರೂ ಅದರಲ್ಲಿ ಹತ್ತಕ್ಕೆ ಎಂಟು ಪಾಲು ನಿಧಾನದ್ದೇ ಎಂದು ಕಂಡಿದ್ದಾರೆ.

ಪುಸ್ತಕದ ಕ್ರಮಗಳೆಲ್ಲ ಪುಸ್ತಕದಲ್ಲಿರುವಂತೆಯೇ ನಮ್ಮೂರಿಗೆ ಒಗ್ಗುವುದಿಲ್ಲ. ಮುಂಜಾವಿನ ನಾಲ್ಕೂವರೆಗೆ ಎದ್ದು ಓಡಬೇಕೆಂದು ಪಟ್ಟಣದ ಓಟಗಾರರು ಹೇಳುತ್ತಾರೆ. ಇಲ್ಲಿ ಆ ಹೊತ್ತು ಆನೆಗಳದ್ದು. ನಮ್ಮ ಸುತ್ತಲಿನ ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಘಾಟಿ ರಸ್ತೆಯಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ 2022ರ ಫೆಬ್ರವರಿ 10ರಿಂದ ನಿರ್ಬಂಧವೂ ಬಂದಿದೆ. ಮನುಷ್ಯರ ಸುದ್ದಿಯಿಲ್ಲದ ಕತ್ತಲಲ್ಲಿ ಪ್ರಾಣಿಗಳು ಮೇಯಲು ಬಂದು ಬೆಳಕು ಹರಿಯುವಾಗ ಕಾಡಿಗೆ ಮರಳುತ್ತವೆ. ಏಷ್ಯದ ಆನೆ ಗಂಟೆಗೆ ಸುಮಾರು 24 ಕಿಲೋಮೀಟರು ವೇಗದಲ್ಲಿ ಧಾವಿಸಬಲ್ಲದೆಂದು ಅಳೆದವರಿದ್ದಾರೆ. ನಾವು ಪ್ರಾಣಭಯದಿಂದ ಓಡಿದರೂ ಅದರ ಅರ್ಧಕ್ಕಿಂತ ತುಸು ಮೇಲೆ. ಆದ್ದರಿಂದ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಹಾದಿ ಸ್ಪಷ್ಟವಾಗಿ ಕಾಣುವವರೆಗೆ ಮನೆಯಿಂದ ಹೊರಡುವುದಿಲ್ಲ. ಹಾಸನೂರು, ತಲಮಲೆ, ಜೀರಹಳ್ಳಿಗಳ ಕಡೆಯ ಕಾಡಂಚಿನ ರಸ್ತೆಗಳನ್ನು ತುಳಿಯುವುದಿಲ್ಲ. ಊರಿಂದೂರಿಗೆ ಹೊಲಗಳ ನಡುವೆ ಹೋಗುವ ರಸ್ತೆ ಮತ್ತು ಶಾಲೆಯ ಬಯಲು ಇವೇ ನಮ್ಮ ಮೈದಾನ. ಒಬ್ಬರೇ ಓಡುವುದಿಲ್ಲ. ರಾತ್ರಿ ಕಾವಲಿಗಿದ್ದವರನ್ನು ವಿಚಾರಿಸಿಯೇ ದಿಕ್ಕನ್ನು ಗೊತ್ತು ಮಾಡುತ್ತೇವೆ. ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಂಡು ಓಡುವುದಂತೂ ಕೂಡದು.

ಆನೆಗಿಂತಲೂ ದಿನನಿತ್ಯದ ಅಪಾಯ ವಾಹನದ್ದು. ಪಂಜಾಬಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ ಅವರ ಹೆಸರನ್ನು ವಾಚಕರು ಕೇಳಿರಬಹುದು. ತಮ್ಮ 89ನೆಯ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ ಮ್ಯಾರಥಾನಿನಲ್ಲಿ ಓಡಿದ ಅವರು 2011ರಲ್ಲಿ ಪಾಸ್‌ಪೋರ್ಟಿನ ಪ್ರಕಾರ ನೂರು ತುಂಬಿದ್ದಾಗ ಟೊರಾಂಟೊದ ಮ್ಯಾರಥಾನನ್ನು ಪೂರೈಸಿದರು. ಅಷ್ಟು ದೂರ ಕಾಲನ್ನು ನಂಬಿ ಬದುಕಿದ ಆ ಹಿರಿಯರು 2025ರ ಜುಲೈ 14ರಂದು ಜಲಂಧರದ ಬಳಿಯ ತಮ್ಮ ಹಳ್ಳಿಯಲ್ಲಿ ವಾಹನ ಬಡಿದು ತೀರಿಕೊಂಡರು. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಮಗ್ಗುಲಲ್ಲಿಯೇ ಓಡಬೇಕು, ತಿಳಿಬಣ್ಣದ ಅಂಗಿ ತೊಡಬೇಕು ಎಂದು ನಾವು ಹುಡುಗರಿಗೆ ಆಗಾಗ ನೆನಪಿಸುತ್ತೇವೆ.

ವಿಶ್ರಾಂತಿಯ ವಿಷಯ ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಬಿಕ್ಕಟ್ಟಿನದು. ದೇಹ ಬಲಗೊಳ್ಳುವುದು ಓಡುವಾಗಲ್ಲ. ಓಡಿ ದಣಿದ ಅಂಗಾಂಗಗಳು ನಿದ್ರೆಯಲ್ಲಿ ದುರಸ್ತಿಯಾಗುವಾಗ. ರಾಗಿ ತೆನೆಗಟ್ಟುವ ಕಾಲದಲ್ಲಿ ಬೇಸಾಯಗಾರನಿಗೆ ನಿದ್ರೆಯೆಲ್ಲಿ? ಅಟ್ಟಣೆಯ ಮೇಲೆ ಟಾರ್ಚು ಹಿಡಿದು, ತಮಟೆ ಬಡಿದು, ಪಟಾಕಿ ಸುಟ್ಟು ರಾತ್ರಿ ಕಳೆಯಬೇಕು. ಕಾವಲಿದ್ದ ರಾತ್ರಿಯ ಮರುಬೆಳಿಗ್ಗೆ ಓಟವಿಲ್ಲ ಎಂಬುದು ನಮ್ಮಲ್ಲಿ ಮೀರಬಾರದ ಕಟ್ಟಳೆ. ಹಾಗೆಯೇ ಕಳೆ ತೆಗೆದ ದಿನ, ಮೂಟೆ ಹೊತ್ತ ದಿನ, ಅರಿಸಿನ ಅಗೆದ ದಿನಗಳೂ ವ್ಯಾಯಾಮದ ಲೆಕ್ಕಕ್ಕೇ ಸೇರುತ್ತವೆ. ಸುಗ್ಗಿಯ ಎರಡು ತಿಂಗಳು ವಾರಕ್ಕೆರಡೇ ದಿನ ಓಡಿದರೂ ಗಳಿಸಿದ ಶಕ್ತಿ ಹೆಚ್ಚೇನೂ ಸೋರಿಹೋಗದೆಂಬುದನ್ನು ನಾಲ್ಕು ಸುಗ್ಗಿಗಳಲ್ಲಿಯೂ ಕಂಡಿದ್ದೇವೆ. ಪೂರ್ತಿ ಬಿಟ್ಟರೆ ಮಾತ್ರ ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ.

ಆಹಾರಕ್ಕಾಗಿ ನಾವು ಪಟ್ಟಣದ ಡಬ್ಬಿಗಳನ್ನು ತರಿಸಲಿಲ್ಲ. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ನಾಮಮಾತ್ರ. ಎಲುಬಿಗೆ ಪೆಟ್ಟು ಬೀಳುವ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಧಾನ್ಯ ಯಾವುದು? ಮುದ್ದೆಯ ಜೊತೆಗೆ ಹುರುಳಿ, ಅವರೆ, ಅಲಸಂದೆಯ ಸಾರು, ಸೊಪ್ಪು, ಮೊಟ್ಟೆ ಅಥವಾ ಹಾಲು, ಇಷ್ಟು ಸಾಕು. ಅರ್ಧ ಗಂಟೆಯ ಓಟಕ್ಕೆ ಮುನ್ನ ಒಂದು ಲೋಟ ನೀರು ಕುಡಿದರೆ ಆಯಿತು. ಭಾನುವಾರದ ದೀರ್ಘ ಓಟಕ್ಕೆ ಹೊರಡುವ ಮೊದಲು ಒಂದು ಬಾಳೆಹಣ್ಣು, ಮರಳಿದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ. ಮಾರ್ಚ್, ಏಪ್ರಿಲಿನ ಒಣಬಿಸಿಲಿನಲ್ಲಿ ಎಂಟು ಗಂಟೆಯೊಳಗೆ ಓಟ ಮುಗಿಸುತ್ತೇವೆ, ದೂರವನ್ನೂ ತಗ್ಗಿಸುತ್ತೇವೆ. ಸಕ್ಕರೆ ಕಾಯಿಲೆಗೆ ಮಾತ್ರೆ ಇಲ್ಲವೇ ಸೂಜಿಮದ್ದು ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳಲೇಬೇಕು; ಓಟದ ನಡುವೆ ಸಕ್ಕರೆ ತೀರ ಇಳಿದು ತಲೆ ಸುತ್ತುವ ಸಂಭವವಿದೆ.

ಪಾದರಕ್ಷೆಯ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಕಾಲಿಗೆ ಸರಿಹೊಂದುವ, ಬೆರಳುಗಳಿಗೆ ಮುಂದೆ ಹೆಬ್ಬೆರಳಗಲ ಜಾಗವಿರುವ ಒಂದು ಜೊತೆ ಓಟದ ಶೂ ಸಾಕು. ಬೆಲೆ ಹೆಚ್ಚಾದಷ್ಟೂ ಓಟ ಹೆಚ್ಚುವುದಿಲ್ಲ. ಬರಿಗಾಲಲ್ಲೇ ಬೆಳೆದವರು ಹುಲ್ಲುಬಯಲಿನಲ್ಲಿ ಬರಿಗಾಲಲ್ಲಿ ಓಡಿದರೂ ಅಡ್ಡಿಯಿಲ್ಲ. ಬರಿಗಾಲಿನ ಮಾತು ಬಂದಾಗ ಗಡಿನಾಡಿನ ಒಬ್ಬ ಮಹನೀಯರನ್ನು ನೆನೆಯದಿರಲಾರೆವು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು 1920ರ ಆಂಟ್‌ವೆರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಭಾರತದ ಪರವಾಗಿ ಓಡಿದರು. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತಾಪಿ ಹುಡುಗರ ಶಕ್ತಿಯನ್ನು ಕಂಡು ಸರ್ ದೊರಾಬ್ಜಿ ಟಾಟಾ ಅವರು ಆ ತಂಡವನ್ನು ಕಳುಹಿಸಲು ಮುಂದಾಗಿದ್ದರು. ಆಂಟ್‌ವೆರ್ಪಿನ ಹಾದಿ 42.75 ಕಿಲೋಮೀಟರು, ಒಲಿಂಪಿಕ್ಸಿನ ಮ್ಯಾರಥಾನುಗಳಲ್ಲಿ ಅಷ್ಟು ಉದ್ದದ್ದು ಬೇರೆ ಇಲ್ಲ. ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಪೂರೈಸಿ ಚೌಗುಲೆ 19ನೆಯವರಾದರು. ನಲವತ್ತು ವರ್ಷಗಳ ಬಳಿಕ, 1960ರಲ್ಲಿ, ಇಥಿಯೋಪಿಯದ ಅಬೆಬೆ ಬಿಕಿಲ ರೋಮಿನ ಬೀದಿಗಳಲ್ಲಿ ಬರಿಗಾಲಲ್ಲೇ ಓಡಿ ಚಿನ್ನ ಗೆದ್ದಾಗ ಲೋಕ ಬೆರಗಾಯಿತು. ಬೆಳಗಾವಿಯವರ ಹೆಸರು ಮಾತ್ರ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಓಡುತ್ತ ಹೇಳುವ ಕಥೆಗಳ ಪಟ್ಟಿಗೆ ನಾವು ಅದನ್ನೂ ಸೇರಿಸಿಕೊಂಡಿದ್ದೇವೆ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಅಂಗನವಾಡಿಯ ಅಕ್ಕ ಮೊದಲು ಓಡಿದ್ದು ಸಂಜೆಯ ಹೊತ್ತು, ಶಾಲೆಯ ಬಾಗಿಲು ಹಾಕಿದ ಮೇಲೆ, ಗೋಡೆಯ ಮರೆಯಲ್ಲಿ. ಊರವರ ಮಾತಿಗಿಂತ ಮನೆಯ ಅತ್ತೆಯ ಮಾತಿಗೆ ಅವರು ಅಳುಕುತ್ತಿದ್ದರು. ಆ ಅತ್ತೆಗೂ ಸಕ್ಕರೆ ಕಾಯಿಲೆ. ಸೊಸೆಯ ಉಬ್ಬುಸ ಕಡಿಮೆಯಾದದ್ದನ್ನು ತಿಂಗಳೆರಡು ನೋಡಿದ ಮೇಲೆ ಆಕೆ ಒಂದು ದಿನ, “ಹೋಗ್ಬುಟ್ಟು ಬಾ ಕವ್ವ, ಒಲ ನಾ ನೋಡ್ಕತ್ತೀನಿ” ಎಂದರಂತೆ. ಈಗ ಸೊಸೆ ಬಯಲಿನಲ್ಲಿ ಓಡುವಾಗ ಅತ್ತೆ ಅದೇ ಬಯಲಿನ ಅಂಚಿನಲ್ಲಿ ನಡೆಯುತ್ತಾರೆ. ಅವರ ಹಿಂದೆ ಮತ್ತೂ ನಾಲ್ವರು ಹೆಂಗಸರು ನಡೆಯುತ್ತಾರೆ. ಒಂದು ಎಚ್ಚರಿಕೆಯ ಮಾತು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಓಟದಲ್ಲಿ ಅಕಾರಣವಾಗಿ ಆಯಾಸವಾಗುತ್ತಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಛಲದಿಂದ ಓಡಿ ಗೆಲ್ಲುವ ಆಯಾಸವಲ್ಲ ಅದು.

ಓಟದ ಜೊತೆಗೆ ವಾರಕ್ಕೆರಡು ದಿನ ಹತ್ತು ನಿಮಿಷ ಕಾಲು, ಸೊಂಟಗಳ ಬಲಕ್ಕಾಗಿ ಮೀಸಲಿಟ್ಟಿದ್ದೇವೆ. ಹದಿನೈದರಂತೆ ಮೂರು ಸಲ ಬಸ್ಕಿ. ಮೆಟ್ಟಿಲಿನ ಅಂಚಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಒಂಟಿಕಾಲಲ್ಲಿ ಅರ್ಧ ನಿಮಿಷ ನಿಲ್ಲುವುದು. ಮಂಡಿನೋವೆಂದು ಗೊಣಗುತ್ತಿದ್ದ ಹಿರಿಯರಿಗೆ ಇದರಿಂದ ಬಹಳ ಗುಣವಾಯಿತು. ಎಲ್ಲರಿಗೂ ಹಾಗಾಗುತ್ತದೆಂದು ಹೇಳಲಾರೆವು. ನಮ್ಮಲ್ಲೊಬ್ಬರಿಗೆ ಮಂಡಿ ಒಗ್ಗದೆ ವೈದ್ಯರ ಸಲಹೆಯಂತೆ ಓಟ ಬಿಟ್ಟು ನಡಿಗೆಗೆ ಇಳಿದಿದ್ದಾರೆ. ಅವರು ಈಗಲೂ ನಮ್ಮೊಡನೆಯೇ ಹೊರಡುತ್ತಾರೆ; ಮರಳುವಾಗ ದಾರಿಯಲ್ಲಿ ಸಿಗುತ್ತಾರೆ.

ಇಷ್ಟೆಲ್ಲ ಮಾಡಿ ಬಂದ ಫಲವೇನೆಂದು ಕೇಳುವವರಿಗೆ ನಮ್ಮ ನೋಟುಬುಕ್ಕಿನಿಂದ ಕೆಲವು ಅಂಕಿಗಳನ್ನು ಕೊಡುತ್ತೇವೆ. ಉಪಾಧ್ಯಾಯರೊಬ್ಬರು ಮೊದಲ ವರ್ಷ 5 ಕಿಲೋಮೀಟರನ್ನು 44 ನಿಮಿಷದಲ್ಲಿ ಮುಗಿಸುತ್ತಿದ್ದರು, ಈಗ 33. ಹಿರಿಯರ ಬೆಳಗಿನ ನಾಡಿಬಡಿತ ನಿಮಿಷಕ್ಕೆ 84 ಇದ್ದದ್ದು 66ಕ್ಕೆ ಇಳಿದಿದೆ. ಅಂಗಡಿಯವರ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ 8.6 ತೋರಿಸುತ್ತಿದ್ದುದು ಮಾತ್ರೆಯನ್ನು ನಿಲ್ಲಿಸದೆಯೇ 7.1ಕ್ಕೆ ಬಂದಿದೆ. ತೂಕ ಮಾತ್ರ ಯಾರದೂ ನಾಲ್ಕು ಕಿಲೋಗಿಂತ ಹೆಚ್ಚು ಇಳಿಯಲಿಲ್ಲ; ಓಡಿದ ದಿನ ಹಸಿವೂ ಹೆಚ್ಚು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರಿನ ದೊಡ್ಡ ಓಟಕ್ಕೆ ಹೋಗಬೇಕೆಂದು ಹುಡುಗರು ಆಸೆಪಡುತ್ತಾರೆ. ವಯಸ್ಸು ತುಂಬಿದ ಮೇಲೆ ಹೋಗಲಿ. ನಮಗಂತೂ ಕಳೆದ ವರ್ಷದ ನೋಟುಬುಕ್ಕೇ ಪ್ರತಿಸ್ಪರ್ಧಿ.

ವಯಸ್ಸಾದಂತೆ ವೇಗ ಇಳಿಯುವುದು ಪ್ರಕೃತಿನಿಯಮ. 61ರವರು ಇನ್ನೆಷ್ಟು ವರ್ಷ ಸುಧಾರಿಸುತ್ತ ಹೋದಾರು? ಒಂದು ದಿನ ಅಂಕಿಗಳು ಹಿಂದಕ್ಕೆ ಸರಿಯತೊಡಗುತ್ತವೆಂದು ನಾವು ಬಲ್ಲೆವು. ಅಂದಿಗೂ ಪಕ್ಕದೂರಿನ ಮದುವೆಗೆ ಯಾರ ಗಾಡಿಯನ್ನೂ ಕಾಯದೆ ನಡೆದುಹೋಗುವ ಶಕ್ತಿ ಉಳಿದಿದ್ದರೆ ಸಾಕೆಂಬುದು ನಮ್ಮ ಬಯಕೆ. ಎದೆನೋವು, ತಲೆಸುತ್ತು, ಹಳೆಯ ಹೃದ್ರೋಗ ಇರುವವರು, ನಲವತ್ತು ದಾಟಿ ಮೊದಲ ಬಾರಿಗೆ ಓಡಲು ಹೊರಡುವವರು ಒಮ್ಮೆ ವೈದ್ಯರನ್ನು ಕಂಡು ತೊಡಗುವುದು ವಿವೇಕ. ಉಳಿದಂತೆ ಇದಕ್ಕೆ ಶುಲ್ಕವಿಲ್ಲ, ಸದಸ್ಯತ್ವವಿಲ್ಲ. ಕಾಸರಗೋಡಿನ ಗದ್ದೆಯ ಬದುವಿನಲ್ಲಾಗಲಿ, ಹೊಸೂರಿನ ಬಡಾವಣೆಯಲ್ಲಾಗಲಿ, ಅಕ್ಕಲಕೋಟೆಯ ಹೊಲದ ಹಾದಿಯಲ್ಲಾಗಲಿ, ವಾಚಕರು ನಾಳೆ ಬೆಳಿಗ್ಗೆ ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಅರ್ಧ ಗಂಟೆ ನಡೆಯಲಿ. ಮೊದಲ ಎರಡು ವಾರಕ್ಕೆ ಅಷ್ಟೇ ಪಾಠ. ಮೂರನೆಯ ವಾರ ಒಂದು ನಿಮಿಷ ಓಡಲಿ. ಓಡುವಾಗ ಕನ್ನಡದಲ್ಲಿ ಮಾತನಾಡಲಿ.